ದನಿಯ ಹಿಂದಿನ ಕೈಗಳು

ಕನ್ನಡದಲ್ಲಿ 'ನಿರ್ಮಾಪಕ' ಎಂದರೆ ದುಡ್ಡು ಹಾಕುವವನು. ಹಾಡಿಗೆ ರಾಗ ಕಟ್ಟಿದವನನ್ನು ನಾವು ಸಂಗೀತ ನಿರ್ದೇಶಕ ಎನ್ನುತ್ತೇವೆ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿ ಬೆಳೆದ ರ‍್ಯಾಪ್ ಸಂಗೀತದಲ್ಲಿ 'ಪ್ರೊಡ್ಯೂಸರ್' ಎಂಬ ಮಾತಿಗೆ ಬೇರೆಯದೇ ಅರ್ಥವಿದೆ. ಅವನು ದುಡ್ಡು ಹಾಕುವವನಲ್ಲ. ಎಷ್ಟೋ ಸಲ ದುಡ್ಡಿಲ್ಲದವನು. ಹಳೆಯ ಗ್ರಾಮಫೋನ್ ತಟ್ಟೆಗಳ ರಾಶಿಯಲ್ಲಿ ಕೂತು, ಮರೆತುಹೋದ ಯಾವುದೋ ಹಾಡಿನ ಮೂರು ನಾಲ್ಕು ಸೆಕೆಂಡುಗಳ ತುಣುಕನ್ನು ಹೆಕ್ಕಿ, ಅದನ್ನು ಯಂತ್ರಕ್ಕೆ ತುಂಬಿಸಿ, ಕತ್ತರಿಸಿ, ತಿರುಗಿಸಿ, ಕೆಳಗೆ ಡ್ರಮ್ಮಿನ ಪೆಟ್ಟು ಇಟ್ಟು ಒಂದು 'ಬೀಟ್' ಕಟ್ಟುತ್ತಾನೆ. ಆ ಬೀಟಿನ ಮೇಲೆ ನಿಂತು ರ‍್ಯಾಪರ್ ಮಾತಾಡುತ್ತಾನೆ. ಆಲ್ಬಮ್ಮಿನ ಹೊದಿಕೆಯ ಮೇಲೆ ಮಾತಾಡಿದವನ ಮುಖವಿರುತ್ತದೆ. ನೆಲ ಕಟ್ಟಿದವನ ಹೆಸರು ಒಳಗಡೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ಈ ಇರುವೆ ಸಾಲನ್ನು ಓದಲು ನನಗೆ ಕಲಿಸಿದವನು ನನ್ನ ತಂಗಿಯ ಮಗ. 2005ರ ಸುಮಾರಿಗೆ ಅವನು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಕೊಲ್ಲಿಯಿಂದ ರಜೆಗೆ ಬಂದ ದೊಡ್ಡಪ್ಪನ ಮಕ್ಕಳು ಅವನಿಗೆ ಸೆಂಟು, ಚಾಕಲೇಟಿನ ಜೊತೆ ಸಿಡಿಗಳನ್ನೂ ತಂದುಕೊಡುತ್ತಿದ್ದರು. ಒಂದು ದಿನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು, "ಮಾಮ, ಇದನ್ನು ಕೇಳಿ. ಬಿಸ್ಮಿಲ್ಲಾ ಹೇಳಿ ಶುರು ಮಾಡ್ತಾನೆ" ಎಂದ. ನಿಜ. ಇಂಗ್ಲಿಷಿನ ಅಬ್ಬರ ಶುರುವಾಗುವ ಮುನ್ನ ಒಂದು ಗಂಡು ದನಿ ಶಾಂತವಾಗಿ 'ಬಿಸ್ಮಿಲ್ಲಾಹಿರ್ರಹ್ಮಾನಿರ್ರಹೀಮ್' ಎಂದಿತು. ಪಕ್ಕದಲ್ಲಿ ಕೂತಿದ್ದ ನನ್ನ ಭಾವ, ಅಂದರೆ ಹುಡುಗನ ತಂದೆ, ಮೂವತ್ತು ವರ್ಷ ಕೊಲ್ಲಿಯಲ್ಲಿ ದುಡಿದು ಬಂದವರು, ಸಂಗೀತದ ವಿಷಯದಲ್ಲಿ ಕಟ್ಟುನಿಟ್ಟು. ಅವರು ತಲೆಯೆತ್ತದೆ, "ಬಿಸ್ಮಿಲ್ಲಾ ಹೇಳಿ ಶುರು ಮಾಡಿದ್ದೆಲ್ಲ ಒಳ್ಳೆಯದಾಗಬೇಕೆಂದಿಲ್ಲ" ಎಂದರು. ಆ ಮಾತು ಆಗ ಕಟುವೆನಿಸಿತು. ಆದರೆ ಆ ಗಾಯಕನ ಮುಂದಿನ ದಾರಿಯನ್ನು ನೋಡುತ್ತಾ ಹೋದಂತೆ ಭಾವನ ಮಾತು ಮತ್ತೆ ಮತ್ತೆ ನೆನಪಾಗಿದೆ.

ಅವನ ಹೆಸರು ಆಗ ಮೋಸ್ ಡೆಫ್. ಈಗ ಯಾಸೀನ್ ಬೇ. ಹುಟ್ಟಿದ್ದು 1973ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ತಂದೆ ತಾಯಿ ಇಟ್ಟ ಹೆಸರು ಡಾಂಟೆ ಸ್ಮಿತ್. ತಂದೆ ನೇಷನ್ ಆಫ್ ಇಸ್ಲಾಮ್ ಸಂಘಟನೆಯಲ್ಲಿದ್ದು, ಆಮೇಲೆ ಇಮಾಮ್ ವಾರಿಸುದ್ದೀನ್ ಮುಹಮ್ಮದರ ಜೊತೆ ಮುಖ್ಯವಾಹಿನಿಯ ಇಸ್ಲಾಮಿಗೆ ಬಂದವರು. ಮಗ ಬೆಳೆದದ್ದು ಹೆಚ್ಚಾಗಿ ತಾಯಿಯ ಬಳಿ. ಕಲಿಮ ಹೇಳಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ವಂತ ತೀರ್ಮಾನದಿಂದ. 1999ರಲ್ಲಿ ಬಂದ ಅವನ ಮೊದಲ ಆಲ್ಬಂ 'ಬ್ಲ್ಯಾಕ್ ಆನ್ ಬೋತ್ ಸೈಡ್ಸ್' ಈ ಪ್ರಕಾರದ ಉತ್ತಮ ಕೃತಿಗಳಲ್ಲಿ ಒಂದೆಂದು ಇವತ್ತಿಗೂ ಎಣಿಸಲ್ಪಡುತ್ತದೆ. ನೀರು ಮಾರಾಟದ ಸರಕಾಗುವುದರ ಬಗ್ಗೆ, ಬಡವರ ಬದುಕನ್ನು ಅಂಕಿ ಸಂಖ್ಯೆಗಳು ಸುತ್ತಿಕೊಳ್ಳುವುದರ ಬಗ್ಗೆ ಅದರಲ್ಲಿ ಹಾಡುಗಳಿವೆ. 'ಉಮಿ ಸೇಸ್' ಎಂಬುದೊಂದು ಹಾಡಿದೆ. ಉಮಿ ಎಂದರೆ ತಾಯಿ. ನಮ್ಮ ಬ್ಯಾರಿ ಮನೆಗಳ 'ಉಮ್ಮ'ನೂ ಅದೇ ಅರಬಿ ಬೇರಿನಿಂದ ಬಂದವಳು. ಬ್ರೂಕ್ಲಿನ್ನಿನ ಹುಡುಗನೊಬ್ಬ ತನ್ನ ತಾಯಿಯನ್ನು ನಾವು ಕರೆಯುವಂತೆಯೇ ಕರೆಯುತ್ತಾನೆ ಎಂದು ತಿಳಿದಾಗ ನನ್ನ ತಂಗಿಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಆ ಆಲ್ಬಂ ಒಬ್ಬನದೇ ಎಂದು ನಾವು ತಿಳಿದಿದ್ದೆವು. ಅಳಿಯ ಒಳಹಾಳೆ ಬಿಡಿಸಿ ತೋರಿಸಿದ. ಅಂಕಿಗಳ ಹಾಡಿನ ಬೀಟ್ ಕಟ್ಟಿದವನು ಡಿಜೆ ಪ್ರೀಮಿಯರ್. ಅತ್ಯಂತ ಜನಪ್ರಿಯವಾದ ಹಾಡಿನ ಹಿಂದಿರುವುದು ಅಯತೊಲ್ಲಾ ಎಂಬ ಹೆಸರಿನ ಪ್ರೊಡ್ಯೂಸರ್; ಅವನು ಅರೆಥಾ ಫ್ರಾಂಕ್ಲಿನ್ 1965ರಲ್ಲಿ ಹಾಡಿದ ಒಂದು ಹಾಡಿನ ಚೂರನ್ನು ತೆಗೆದು ಅದನ್ನು ಕಟ್ಟಿದ್ದ. ನೀರಿನ ಹಾಡು ಸೈಕೋ ಲೆಸ್ ಎಂಬಾತನದು. ಪ್ರೇಮದ ಹಾಡು 88-ಕೀಸ್ ಎಂಬಾತನದು. ಕೆಲವು ಕಡೆ ಮೋಸ್ ಡೆಫ್ ತಾನೇ ವಾದ್ಯ ನುಡಿಸಿದ್ದಾನೆ. ಇಷ್ಟು ಕೈಗಳಿದ್ದರೂ ಆಲ್ಬಂ ಒಂದೇ ಮನೆಯಂತಿದೆ. ಯಾಕೆಂದರೆ ಅವರೆಲ್ಲರಿಗೂ ಆ ಒಂದು ದನಿಗೆ ಎಷ್ಟು ಜಾಗ ಬೇಕೆಂಬುದು ತಿಳಿದಿತ್ತು.

ಎರಡನೆಯ ಆಲ್ಬಂ ಬರಲು ಐದು ವರ್ಷ ಹಿಡಿಯಿತು. ನಡುವೆ ಅವನು ಸಿನಿಮಾ, ನಾಟಕಗಳಲ್ಲಿ ನಟಿಸಿ ಹೆಸರು ಮಾಡಿದ್ದ. ಅವನ ಹಾಡುಗಳನ್ನು ಹೊರತಂದ ರಾಕಸ್ ಎಂಬ ಕಂಪನಿ, ದೊಡ್ಡ ಬಂಡವಾಳದ ವಿರುದ್ಧ ನಿಂತವರ ತಾಣವೆಂದು ಹೆಸರಾದದ್ದು. ಅದರ ಹಿಂದೆ ಮಾಧ್ಯಮ ದೊರೆ ರೂಪರ್ಟ್ ಮುರ್ಡೋಕನ ಮಗ ಜೇಮ್ಸ್‌ನ ಹಣವಿತ್ತು ಎನ್ನುವುದು ಬೇರೆ ಮಾತು. ಕಡೆಗೆ ಅದು ಇನ್ನೂ ದೊಡ್ಡ ಕಂಪನಿಗಳ ಹೊಟ್ಟೆಗೆ ಹೋಯಿತು. 2004ರ ಅಕ್ಟೋಬರಿನಲ್ಲಿ 'ದಿ ನ್ಯೂ ಡೇಂಜರ್' ಬಂತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿತು. ಮೊದಲ ಆಲ್ಬಂ ಇಪ್ಪತ್ತೈದನ್ನು ದಾಟಿರಲಿಲ್ಲ. ಆದರೆ ಕೇಳಿದವರು ಗೊಂದಲಕ್ಕೆ ಬಿದ್ದರು. ಹದಿನೆಂಟು ಹಾಡುಗಳು, ಒಂದಕ್ಕೊಂದು ಹೊಂದದ ಬಣ್ಣಗಳು. ಒಂದು ಕಡೆ ಕಿವಿಗಡಚಿಕ್ಕುವ ರಾಕ್, ಇನ್ನೊಂದು ಕಡೆ ಬ್ಲೂಸ್, ನಡುವೆ ಹಳೆಯ ಶೈಲಿಯ ರ‍್ಯಾಪ್, ಮತ್ತೆಲ್ಲೋ ಗುನುಗು.

ಈ ಗೊಂದಲಕ್ಕೆ ಒಂದು ಮಹತ್ವಾಕಾಂಕ್ಷೆ ಕಾರಣವಾಗಿತ್ತು. ರಾಕ್ ಸಂಗೀತವನ್ನು ಕಟ್ಟಿದ್ದು ಚಕ್ ಬೆರ್ರಿ, ಲಿಟ್ಲ್ ರಿಚರ್ಡ್‌ರಂಥ ಕಪ್ಪು ಕಲಾವಿದರು. ಹಣ ಮತ್ತು ಕೀರ್ತಿ ಹೋದದ್ದು ಹೆಚ್ಚಾಗಿ ಬಿಳಿಯರಿಗೆ. ಇದನ್ನು ಮೊದಲ ಆಲ್ಬಮ್ಮಿನ ಒಂದು ಹಾಡಿನಲ್ಲಿ ಮೋಸ್ ಡೆಫ್ ವಾದವಾಗಿ ಮಂಡಿಸಿದ್ದ. ಎರಡನೆಯದರಲ್ಲಿ ಅದನ್ನು ಮಾಡಿಯೇ ತೋರಿಸಲು ಹೊರಟ. 'ಬ್ಲ್ಯಾಕ್ ಜ್ಯಾಕ್ ಜಾನ್ಸನ್' ಎಂಬ ಹೆಸರಿನ ಒಂದು ತಂಡ ಕಟ್ಟಿದ. 1908ರಲ್ಲಿ ಹೆವಿವೇಟ್ ಬಾಕ್ಸಿಂಗಿನ ವಿಶ್ವ ಪಟ್ಟ ಗೆದ್ದ ಮೊದಲ ಕಪ್ಪು ಮನುಷ್ಯ ಜ್ಯಾಕ್ ಜಾನ್ಸನ್. ಅವನ ಹೆಸರು ಅದು. ತಂಡದಲ್ಲಿದ್ದವರು ಸಾಮಾನ್ಯರಲ್ಲ. ಪಾರ್ಲಿಮೆಂಟ್ ಫಂಕಡೆಲಿಕ್ ತಂಡದ ಕೀಬೋರ್ಡ್ ವಾದಕ ಬರ್ನಿ ವೊರೆಲ್, ಬ್ಯಾಡ್ ಬ್ರೈನ್ಸ್ ತಂಡದ ಗಿಟಾರಿಸ್ಟ್ ಡಾಕ್ಟರ್ ನೋ, ಲಿವಿಂಗ್ ಕಲರ್ ತಂಡದ ಡಗ್ ವಿಂಬಿಷ್ ಮತ್ತು ವಿಲ್ ಕಾಲ್‌ಹೂನ್. ರಾಕ್ ತಮ್ಮದೂ ಹೌದೆಂದು ದಶಕಗಳಿಂದ ಹೇಳುತ್ತಾ ಬಂದ ಕಪ್ಪು ವಾದಕರು ಇವರು.

ಹಾಗಿದ್ದರೂ ಆ ಹಾಡುಗಳು ಯಾಕೆ ನಿಲ್ಲಲಿಲ್ಲ? ಅಳಿಯ ಕೊಟ್ಟ ವಿವರಣೆ ನನಗೆ ಒಪ್ಪಿಗೆಯಾಯಿತು. ರ‍್ಯಾಪಿನ ಬೀಟ್ ಎಂದರೆ ಎರಡೋ ನಾಲ್ಕೋ ಆವರ್ತದ ತುಣುಕು ಮತ್ತೆ ಮತ್ತೆ ಸುತ್ತುವುದು. ಕೆಳಗೆ ಡ್ರಮ್ಮಿನ ಗುದ್ದು, ಮೇಲೆ ತಾಳದ ಚಿಟಿಕೆ. ನಡುವಿನ ಜಾಗವನ್ನು ಒಳ್ಳೆಯ ಪ್ರೊಡ್ಯೂಸರ್ ಬೇಕೆಂದೇ ಖಾಲಿ ಬಿಡುತ್ತಾನೆ, ಯಾಕೆಂದರೆ ಮನುಷ್ಯನ ಮಾತು ಕೂರುವುದು ಅಲ್ಲಿ. ರಾಕ್ ಗಿಟಾರಿನ ಒಡಕು ನಾದ ಸರಿಯಾಗಿ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಆಗ ಮಾತು ಕೇಳಿಸಬೇಕಾದರೆ ಕೂಗಬೇಕು. ಮೋಸ್ ಡೆಫ್‌ನ ಶಕ್ತಿಯಿರುವುದು ಕೂಗಿನಲ್ಲಲ್ಲ. ಮಾತಿನ ನಡುವೆ ನಗುವ, ತಡೆಯುವ, ತಿರುಗುವ ಬನಿಯಲ್ಲಿ. "ಬಾಡಿಸುವವರೆಲ್ಲ ಉಸ್ತಾದರೇ ಮಾಮ, ಆದರೆ ಅವನಿಗೆ ಕೂರಲು ಕುರ್ಚಿ ಇಟ್ಟವರಿಲ್ಲ" ಎಂದ ಹುಡುಗ.

ಕುರ್ಚಿ ಇಟ್ಟ ಹಾಡುಗಳೂ ಇವೆ. ರಾಫೆಲ್ ಸಾದಿಕ್ ಕಟ್ಟಿಕೊಟ್ಟ ಮೊದಲ ಹಾಡು ಕತ್ತಲೆಯಲ್ಲಿ ಯಾರೋ ಪಿಸುಗುಟ್ಟುವಂತೆ ಮೆಲ್ಲಗೆ ತೆರೆದುಕೊಳ್ಳುತ್ತದೆ. ವಾರೆನ್ ಕ್ಯಾಂಪ್‌ಬೆಲ್ ಕಟ್ಟಿದ ಹಾಡು ಗ್ರ್ಯಾಮಿ ನಾಮನಿರ್ದೇಶನ ಪಡೆಯಿತು. 'ಸನ್‌ಶೈನ್' ಎಂಬ ಹಾಡಿನ ಹಿಂದಿದ್ದವನು ಕಾನ್ಯೆ ವೆಸ್ಟ್. ಆತ ಅದೇ ವರ್ಷ ತನ್ನ ಮೊದಲ ಆಲ್ಬಂ ತಂದು ದೊಡ್ಡ ಹೆಸರಾಗಿದ್ದ. ಅಲ್ಲಿಯ ತನಕ ಇತರರಿಗೆ ಬೀಟ್ ಕಟ್ಟಿಕೊಡುತ್ತಾ, 'ನೀನು ಕಟ್ಟು, ಹಾಡಬೇಡ' ಎಂಬ ಧೋರಣೆಯನ್ನು ಎದುರಿಸಿದವನು. ಮಿನ್ನೆಸೋಟ ಎಂಬ ಹೆಸರಿನ ಇನ್ನೊಬ್ಬ ಪ್ರೊಡ್ಯೂಸರನ ಕೈ ಹಲವು ಹಾಡುಗಳಲ್ಲಿದೆ. ಈತನನ್ನು ಸಂಗೀತದ ಹುಚ್ಚರಲ್ಲದೆ ಬೇರೆ ಯಾರೂ ಬಲ್ಲವರಿಲ್ಲ. 'ಮಾಡರ್ನ್ ಮಾರ್ವೆಲ್' ಎಂಬುದು ಒಂಬತ್ತು ನಿಮಿಷ ಮೀರುವ ಹಾಡು. ತೀರಿಹೋದ ಗಾಯಕ ಮಾರ್ವಿನ್ ಗೇ ಈ ಕಾಲಕ್ಕೆ ಬಂದಿದ್ದರೆ ಏನೆನ್ನುತ್ತಿದ್ದ ಎಂದು ಕೇಳುವಂಥದ್ದು. ಇಂಥ ಕಡೆ ಕೇಳುಗನಿಗೆ ತಾಳ್ಮೆಯ ಫಲ ಸಿಗುತ್ತದೆ.

ಈಗ ಹೇಳಲು ಕಷ್ಟವಾದ ಒಂದು ಮಾತು. ಈ ಆಲ್ಬಮ್ಮಿನಲ್ಲಿ ಜೇ-ಜಿ ಎಂಬ ಪ್ರಸಿದ್ಧ ಗಾಯಕನ 2001ರ ಒಂದು ಹಾಡಿನ ಬೀಟನ್ನೇ ಎತ್ತಿಕೊಂಡು ಮಾಡಿದ ಪುಟ್ಟ ಹಾಡೊಂದಿದೆ. ಆ ಬೀಟನ್ನು ಕಟ್ಟಿದವನೂ ಕಾನ್ಯೆಯೇ. ರ‍್ಯಾಪ್ ಸಂಗೀತವನ್ನು ಕಪ್ಪು ಜನರ ಕೈಯಿಂದ ಕಂಪನಿಗಳು ಕಿತ್ತುಕೊಂಡಿವೆ ಎನ್ನುವುದು ಅದರ ತಕರಾರು. ತಕರಾರು ನ್ಯಾಯವಾದದ್ದು. ಆದರೆ ಸಿಟ್ಟು ಏರುತ್ತಾ ಹೋಗಿ ಮಾತು ಕಂಪನಿಯನ್ನು ಬಿಟ್ಟು ಅದನ್ನು ನಡೆಸುವವನ ಇಸ್ರೇಲಿ ಮೂಲಕ್ಕೆ ಬೆರಳು ತೋರಿಸುತ್ತದೆ. ಸಲಿಂಗಿಗಳನ್ನು ಹಂಗಿಸುವ ಪದವೂ ಬರುತ್ತದೆ. ನಂತರದ ಪ್ರತಿಗಳಲ್ಲಿ ಈ ಹಾಡು ಇಲ್ಲ. ಆದರೆ ನಮ್ಮ ಕೈಗೆ ಬಂದಿದ್ದ ಸಿಡಿಯಲ್ಲಿ ಇತ್ತು.

ಹುಡುಗ ಇದನ್ನು ಸಮರ್ಥಿಸಲು ನೋಡಿದ: "ಅವನು ಕಂಪನಿಯವರನ್ನು ಬೈದದ್ದು ಮಾಮ." ನಾನು ಅವನಿಗೆ ಕೇಳಿದ್ದು ಇಷ್ಟೇ. ನಮ್ಮೂರಲ್ಲಿ ಒಬ್ಬ ವ್ಯಾಪಾರಿ ತೂಕದಲ್ಲಿ ಮೋಸ ಮಾಡಿದರೆ ಅವನ ಹೆಸರು ಹೇಳುತ್ತಾರೋ, ಅವನ ಜಾತಿ ಹೇಳುತ್ತಾರೋ? ಆ ವ್ಯಾಪಾರಿ ನಮ್ಮವನಾದಾಗ ಏನು ಹೇಳುತ್ತಾರೆ? ಅವನು ಸುಮ್ಮನಾದ. ಒಬ್ಬನ ತಪ್ಪನ್ನು ಅವನ ಹುಟ್ಟಿಗೆ ಅಂಟಿಸುವುದರ ನೋವು ಏನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಿನಪತ್ರಿಕೆ ಬಿಡಿಸಿದ ಕೂಡಲೇ ಆರೋಪಿಯ ಹೆಸರನ್ನು ಹೆದರುತ್ತಾ ಹುಡುಕುವ ಸಮುದಾಯ ನಾವು. ಹಾಗಾಗಿ ಇನ್ನೊಬ್ಬರ ವಿಷಯದಲ್ಲಿ ಇದು ನಡೆದಾಗ ಮೊದಲು ಬೇಡವೆನ್ನಬೇಕಾದವರೂ ನಾವೇ. ಹೇಳಿದವನು ಬಿಸ್ಮಿಲ್ಲಾ ಹೇಳಿ ಶುರು ಮಾಡಿದವನಾದರೆ ಇನ್ನೂ ಒಂದು ಪಟ್ಟು ಹೆಚ್ಚು. ಭಾವನಿಗೆ ಈ ಸಂಗತಿ ತಿಳಿಸಿದಾಗ ಅವರು ಸಂಗೀತದ ಬಗ್ಗೆ ಏನೂ ಹೇಳಲಿಲ್ಲ. "ಕೋಪದಲ್ಲಿ ಆಡಿದ ಮಾತಿಗೂ ಲೆಕ್ಕ ಇದೆ" ಎಂದರು.

ಕಿತ್ತುಕೊಳ್ಳುವುದರ ವಿಷಯ ಬಂದದ್ದರಿಂದ ಇನ್ನೊಂದನ್ನೂ ನೋಡಬೇಕು. ಬೀಟ್ ಕಟ್ಟುವವರೂ ಬೇರೆಯವರ ನಾದವನ್ನು ಎತ್ತಿಕೊಳ್ಳುವವರೇ ಅಲ್ಲವೇ? ಜೇಮ್ಸ್ ಬ್ರೌನ್‌ನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ ವಾದಕನಿದ್ದ. 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಅವನೊಬ್ಬನೇ ನುಡಿಸುವ ಕೆಲವು ಸೆಕೆಂಡುಗಳಿವೆ. ಆ ತುಣುಕು ನೂರಾರು ರ‍್ಯಾಪ್ ಹಾಡುಗಳ ಬೆನ್ನೆಲುಬಾಯಿತು. ಹಾಡಿನ ಹಕ್ಕು ಅವನ ಹೆಸರಿನಲ್ಲಿರದ ಕಾರಣ ಅದರ ಗೌರವಧನ ಅವನಿಗೆ ಬರಲಿಲ್ಲ. 2017ರಲ್ಲಿ ತೀರಿಕೊಂಡ. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಅನುಮತಿಯಿಲ್ಲದೆ ತುಣುಕು ತೆಗೆಯುವುದು ಕಳ್ಳತನವೆಂದು ಬಿಜ್ ಮಾರ್ಕಿ ಎಂಬ ರ‍್ಯಾಪರನ ವಿರುದ್ಧ ತೀರ್ಪು ಕೊಟ್ಟಿತು. ಅಂದಿನಿಂದ ತುಣುಕುಗಳಿಗೆ ಬೆಲೆ ತೆರಬೇಕಾಯಿತು. ಬೆಲೆ ಸಂದದ್ದು ಹಕ್ಕು ಯಾರ ಬಳಿ ಇದೆಯೋ ಅವರಿಗೆ, ನುಡಿಸಿದವನಿಗೆ ಅಲ್ಲ.

ನಮ್ಮ ದೇಶದ ಸಂಗೀತವೂ ಇದರಲ್ಲಿ ಸಿಕ್ಕಿಕೊಂಡಿತ್ತು. 2002ರಲ್ಲಿ ಟ್ರೂತ್ ಹರ್ಟ್ಸ್ ಎಂಬ ಗಾಯಕಿಯ 'ಅಡಿಕ್ಟಿವ್' ಹಾಡು ಅಮೆರಿಕದಲ್ಲಿ ಜನಪ್ರಿಯವಾಯಿತು. ಅದರಲ್ಲಿ ಉದ್ದಕ್ಕೂ ಕೇಳಿಸುವುದು ಲತಾ ಮಂಗೇಶ್ಕರರ ದನಿ. 1981ರ 'ಜ್ಯೋತಿ' ಎಂಬ ಹಿಂದಿ ಚಿತ್ರಕ್ಕೆ ಬಪ್ಪಿ ಲಾಹಿರಿ ಮಾಡಿದ ಹಾಡಿನ ತುಣುಕು ಅದು. ಕಟ್ಟಿದವನು ಡಿಜೆ ಕ್ವಿಕ್. ಬಪ್ಪಿ ಹೆಸರು ಎಲ್ಲಿಯೂ ಇರಲಿಲ್ಲ. ವಿಷಯ ಕೋರ್ಟಿಗೆ ಹೋಗಿ, 2003ರಲ್ಲಿ ಲಾಸ್ ಏಂಜಲೀಸಿನ ನ್ಯಾಯಾಧೀಶರು ಬಪ್ಪಿಯ ಹೆಸರು ಹಾಕದೆ ಸಿಡಿ ಮಾರಬಾರದೆಂದು ತಡೆಯಾಜ್ಞೆ ಕೊಟ್ಟರು. ಬಪ್ಪಿಯ ಮೇಲೂ ಪರರ ರಾಗಗಳನ್ನು ಎತ್ತಿದ ಆರೋಪಗಳಿದ್ದವು. ಆದರೂ ಹೆಸರು ಹೆಸರೇ. ಜಗತ್ತಿನ ಯಾವುದೋ ಮೂಲೆಯ ಬಡಪಾಯಿ ವಾದಕನ ನಾದವನ್ನು ತೆಗೆದುಕೊಂಡರೆ ಕನಿಷ್ಠ ಅವನ ಹೆಸರು ಹೇಳುವುದು ಸಾಲ ತೀರಿಸುವ ಮೊದಲ ಹೆಜ್ಜೆ.

ಈ ಸಂಗತಿ ನಮ್ಮ ಮನೆಗೂ ಬಂತು. ಅಳಿಯ ಅಂತಿಮ ವರ್ಷದಲ್ಲಿದ್ದಾಗ ಅವನ ಗೆಳೆಯನೊಬ್ಬ ಕಾಲೇಜು ಉತ್ಸವದಲ್ಲಿ ತುಳು ಮತ್ತು ಇಂಗ್ಲಿಷ್ ಬೆರೆಸಿ ರ‍್ಯಾಪ್ ಮಾಡಿ ಬಹುಮಾನ ಗೆದ್ದ. ಬೀಟ್ ಕಟ್ಟಿದವನು ನಮ್ಮ ಹುಡುಗ. ಮೂರು ವಾರ ರಾತ್ರಿ ನಿದ್ದೆಗೆಟ್ಟು, ಅಪ್ಪನಿಗೆ ಕೇಳಿಸದಂತೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಾಡಿದ ಕೆಲಸ. ಸ್ಮರಣ ಸಂಚಿಕೆಯಲ್ಲಿ ಗೆಳೆಯನ ಚಿತ್ರ, ಕೆಳಗೆ ಹೀಗೆ ಅಚ್ಚಾಗಿತ್ತು: 'ಸಂಗೀತ: ಕಂಪ್ಯೂಟರ್.' ತಂಗಿ ಅದನ್ನು ಓದಿ ಅತ್ತಳು. ವಿಚಿತ್ರವೆಂದರೆ, ಆ ದಿನ ಅತಿ ಹೆಚ್ಚು ಬೇಸರಗೊಂಡವರು ಭಾವ. ಮಗ ಮಾಡಿದ ಕೆಲಸವನ್ನು ಅವರು ಒಪ್ಪಿರಲಿಲ್ಲ, ಈಗಲೂ ಒಪ್ಪುವುದಿಲ್ಲ. ಆದರೆ ದುಡಿದವನ ಹೆಸರು ಅಳಿಸಿಹೋಗುವುದು ಏನೆಂದು ಅವರಿಗೆ ಗೊತ್ತಿತ್ತು. ಮರುಭೂಮಿಯ ಬಿಸಿಲಲ್ಲಿ ಅವರು ಕೈಯಾರೆ ಎಬ್ಬಿಸಿದ ಕಟ್ಟಡಗಳ ಮೇಲೆ ಯಾರ ಹೆಸರುಗಳಿವೆ ಎಂದು ಅವರು ಕಂಡವರು. "ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಹದೀಸ್ ಇದೆ. ಹೆಸರೂ ಒಂದು ಕೂಲಿಯೇ" ಎಂದರು. ಸಂಗೀತದ ಬಗ್ಗೆ ತಂದೆ ಮಗನ ಜಗಳ ಅಂದು ಮುಗಿಯಲಿಲ್ಲ. ಆದರೆ ಒಂದು ರಾತ್ರಿಯ ಮಟ್ಟಿಗೆ ಇಬ್ಬರೂ ಒಂದೇ ಪಕ್ಷದಲ್ಲಿದ್ದರು.

'ದಿ ನ್ಯೂ ಡೇಂಜರ್' ಬಳಿಕದ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2006ರ ಕೊನೆಗೆ ಬಂದ 'ಟ್ರೂ ಮ್ಯಾಜಿಕ್' ಹೊದಿಕೆ ಚಿತ್ರವೂ ಇಲ್ಲದೆ ಬರಿಯ ಪಾರದರ್ಶಕ ಡಬ್ಬಿಯಲ್ಲಿ ಬಂತು. ಆದರೆ 2009ರ 'ದಿ ಎಕ್ಸ್‌ಟ್ಯಾಟಿಕ್' ಕೇಳಿದವರು ಮನುಷ್ಯ ಮರಳಿ ಬಂದನೆಂದರು. ಮರಳಿ ಬಂದದ್ದು ಹೇಗೆ? ಕೈಗಳನ್ನು ಆರಿಸಿಕೊಂಡದ್ದರಿಂದ. ಕ್ಯಾಲಿಫೋರ್ನಿಯದ ಅಣ್ಣತಮ್ಮಂದಿರಾದ ಮ್ಯಾಡ್‌ಲಿಬ್ ಮತ್ತು ಓ ನೋ ಇದರ ಹಲವು ಬೀಟ್‌ಗಳನ್ನು ಕಟ್ಟಿದರು. ಓ ನೋ ಟರ್ಕಿಯ ಗಾಯಕಿ ಸೆಲ್ದಾ ಬಾಜಾನ್‌ಳ ಹಾಡನ್ನು ತಂದ. ಮ್ಯಾಡ್‌ಲಿಬ್ ಹಿಂದಿ ಚಿತ್ರಗೀತೆಗಳ ಹಳೆಯ ತಟ್ಟೆಗಳನ್ನು ಗುಡ್ಡೆ ಹಾಕಿಕೊಂಡು 2007ರಲ್ಲಿ ಭಾರತದ ಹೆಸರಿನಲ್ಲೇ ಒಂದು ಬೀಟ್ ಸಂಗ್ರಹ ಹೊರತಂದವನು. ಅಲ್ಲಿಂದ ಬಂದ ನಾದ ಈ ಆಲ್ಬಮ್ಮಿನಲ್ಲಿ ಮೋಸ್ ಡೆಫ್‌ನ ಮಾತಿಗೆ ನೆಲವಾಯಿತು. ಗಿಟಾರಿನ ಗೋಡೆ ಇಲ್ಲ. ನಡುವೆ ಜಾಗವಿದೆ. ಆ ಜಾಗದಲ್ಲಿ ಮಾತು ಮತ್ತೆ ನಗುತ್ತದೆ.

ಈ ಆಲ್ಬಮ್ಮಿನ 'ಹಿಸ್ಟರಿ' ಎಂಬ ಹಾಡಿನ ಬೀಟ್ ಡೆಟ್ರಾಯಿಟಿನ ಜೆ ಡಿಲ್ಲಾನದು. ಹಾಡು ಹೊರಬರುವಾಗ ಅವನು ತೀರಿಕೊಂಡು ಮೂರು ವರ್ಷವಾಗಿತ್ತು. 2006ರ ಫೆಬ್ರವರಿಯಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ರಕ್ತದ ಕಾಯಿಲೆಯಿಂದ ಹೋದ. ಅವನು ಬಳಸಿದ ಬೀಟ್ ಯಂತ್ರವನ್ನು ಇಂದು ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಬದುಕಿದ್ದಾಗ ಬೀದಿಯಲ್ಲಿ ಯಾರೂ ಗುರುತಿಸದ ಕೈ ಅದು.

ಮೋಸ್ ಡೆಫ್ 2011ರಲ್ಲಿ ಆ ಹೆಸರನ್ನು ಬಿಡುವುದಾಗಿ ಘೋಷಿಸಿ ಯಾಸೀನ್ ಬೇ ಆದ. 2013ರ ರಮಝಾನಿಗೆ ಮುಂಚೆ, ಗ್ವಾಂಟನಾಮೊ ಸೆರೆಮನೆಯಲ್ಲಿ ಉಪವಾಸ ಮುಷ್ಕರ ಹೂಡಿದ ಕೈದಿಗಳಿಗೆ ಮೂಗಿನ ನಳಿಕೆಯಿಂದ ಬಲವಂತವಾಗಿ ಆಹಾರ ತುಂಬಿಸುವುದನ್ನು ತನ್ನ ಮೇಲೆಯೇ ಮಾಡಿಸಿಕೊಂಡು ಚಿತ್ರೀಕರಿಸಿದ. ನೋವು ತಾಳಲಾರದೆ ನಿಲ್ಲಿಸಿ ಎಂದು ಬೇಡಿಕೊಳ್ಳುವ ದೃಶ್ಯವನ್ನು ಲೋಕವೇ ನೋಡಿತು. ಆಗ ನಮ್ಮಲ್ಲಿ ಅನೇಕರು ಅವನನ್ನು 'ನಮ್ಮವನು' ಎಂದು ಹೆಮ್ಮೆಪಟ್ಟರು. ಹೆಮ್ಮೆಪಡಲಿ. ಆದರೆ ನಮ್ಮವನು ಎಂದ ಮೇಲೆ ಅವನು ಕಲೆಯಿಲ್ಲದ ಬಿಳಿ ಬಟ್ಟೆಯಂತಿರಬೇಕೆಂದು ಬಯಸುವುದು, ಒಂದು ಕಲೆ ಕಂಡ ಕೂಡಲೇ ಕೈ ತೊಳೆದುಕೊಳ್ಳುವುದು, ಇಲ್ಲವೇ ಕಲೆಯೇ ಇಲ್ಲವೆಂದು ವಾದಿಸುವುದು, ಇವು ಮೂರೂ ಒಂದೇ ಜಾಡಿನ ಅಭ್ಯಾಸಗಳು. 2004ರ ಸಿಟ್ಟಿನ ಮಾತನ್ನು ಆಡಿದವನೂ, 2013ರಲ್ಲಿ ಆ ಕುರ್ಚಿಗೆ ಕಟ್ಟಿಸಿಕೊಂಡವನೂ ಒಬ್ಬನೇ. ಎರಡನ್ನೂ ಅವನ ಲೆಕ್ಕದಲ್ಲೇ ಬರೆಯಬೇಕು.

ಅಳಿಯ ಈಗ ಬೆಂಗಳೂರಿನ ಒಂದು ಧ್ವನಿಮುದ್ರಣ ಕೇಂದ್ರದಲ್ಲಿ ಕೆಲಸ ಮಾಡುತ್ತಾನೆ. ಕನ್ನಡದಲ್ಲಿ ರ‍್ಯಾಪ್ ಮಾಡುವ ಹುಡುಗರು ಕೋಲಾರದಿಂದ, ಕಲಬುರ್ಗಿಯಿಂದ, ನಗರದ ಕೊಳೆಗೇರಿಗಳಿಂದ ಅವನ ಬಳಿ ಬರುತ್ತಾರೆ. ಎಲ್ಲರ ಕೈಯಲ್ಲೂ ಬರೆದ ಸಾಲುಗಳಿರುತ್ತವೆ, ಸಿಟ್ಟಿರುತ್ತದೆ. ಬೀಟ್‌ಗೆ ದುಡ್ಡು ಕೊಡಲು ಕೆಲವರಲ್ಲಿ ಇರುವುದಿಲ್ಲ. ಅಂಥವರಿಗೆ ಅವನು ಒಂದೇ ಷರತ್ತು ಹಾಕುತ್ತಾನೆ: ಹಾಡು ಎಲ್ಲಿ ಹಾಕಿದರೂ ಡ್ರಮ್ ನುಡಿಸಿದವನು, ಕೊಳಲು ಊದಿದವನು, ಮಿಕ್ಸ್ ಮಾಡಿದವನು, ಎಲ್ಲರ ಹೆಸರನ್ನೂ ಬರೆಯಬೇಕು. ಬಹಳ ಮಂದಿ ಬರೆಯುತ್ತಾರೆ. ಕೆಲವರು ಮರೆಯುತ್ತಾರೆ, ಅವರಿಗೆ ಫೋನ್ ಮಾಡಿ ನೆನಪಿಸುತ್ತಾನೆ. ಹೋದ ತಿಂಗಳು ಅವನು ಒಬ್ಬ ಹುಡುಗನ ಹಾಡಿನಿಂದ ಎರಡು ಸಾಲು ತೆಗೆಸಿದನಂತೆ. ತನ್ನ ಬೀದಿಯಲ್ಲಿ ಬಡ್ಡಿ ವ್ಯವಹಾರ ಮಾಡುವವನನ್ನು ಬೈಯುತ್ತಾ ಆ ಹುಡುಗ ಅವನ ಇಡೀ ಜಾತಿಯನ್ನು ಎಳೆದು ತಂದಿದ್ದ. "ಬಡ್ಡಿಯನ್ನು ಬೈ, ಜಾತಿಯನ್ನು ಬೇಡ. ಇಲ್ಲದಿದ್ದರೆ ಬೀಟ್ ವಾಪಸ್ ಕೊಡು" ಎಂದನಂತೆ. ಹುಡುಗ ಒಂದು ದಿನ ಮುನಿಸಿಕೊಂಡಿದ್ದು, ಮರುದಿನ ಹೊಸ ಸಾಲು ಬರೆದು ತಂದ.